ಮೊದಲ ಚಳಿಗಾಲಕ್ಕೆ ಮಿಲ್ಟನ್ ಗುಡ್ಡವೇ ಸಾಕು

ನೀವು ಬೇಸಿಗೆಯಲ್ಲಿ ಕೆನಡಾದ ಒಂಟಾರಿಯೊದ ಮಿಲ್ಟನ್‌ಗೆ ಬಂದಿದ್ದೀರಿ. ಆಫೀಸಿನವರೆಲ್ಲ ಫೆಬ್ರವರಿಯ ಫ್ಯಾಮಿಲಿ ಡೇ ರಜೆಗೆ ಕ್ವಿಬೆಕ್‌ನ ಟ್ರೆಂಬ್ಲಾಂಟ್ ಬೆಟ್ಟಕ್ಕೆ ಸ್ಕೀ ಮಾಡಲು ಹೊರಟಿದ್ದಾರೆ, ನಿಮ್ಮನ್ನೂ ಕರೆಯುತ್ತಿದ್ದಾರೆ. 401 ಹೆದ್ದಾರಿಯಿಂದಲೇ ಕಾಣುವ ನಿಮ್ಮೂರಿನ ಸ್ಕೀ ಗುಡ್ಡ ಗ್ಲೆನ್ ಈಡನ್ ನೋಡಿದರೆ ‘ಇದೂ ಒಂದು ಬೆಟ್ಟವಾ’ ಅನ್ನಿಸುತ್ತಿದೆ. ನಿಮಗಾಗಲಿ, ನಿಮ್ಮ ಮನೆಯವರಿಗಾಗಲಿ, ಎಂಟು ವರ್ಷದ ಮಗಳಿಗಾಗಲಿ ಸ್ಕೀ ಗೊತ್ತಿಲ್ಲ. ದುಡ್ಡು ಎಲ್ಲಿ ಹಾಕಲಿ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಈ ಚಳಿಗಾಲ ಪೂರ್ತಿ ಗ್ಲೆನ್ ಈಡನ್. ಟ್ರೆಂಬ್ಲಾಂಟ್ ಎಲ್ಲೂ ಓಡಿ ಹೋಗುವುದಿಲ್ಲ.

ಎತ್ತರದಲ್ಲಿ ಹೋಲಿಕೆಯೇ ಇಲ್ಲ, ಒಪ್ಪುತ್ತೇನೆ. ಗ್ಲೆನ್ ಈಡನ್‌ನಲ್ಲಿ ತುದಿಯಿಂದ ಬುಡಕ್ಕೆ ಸುಮಾರು 70 ಮೀಟರ್ ಎತ್ತರದ ಇಳಿಜಾರು. ಒಂಟಾರಿಯೊದಲ್ಲೇ ಇರುವ ಬ್ಲೂ ಮೌಂಟನ್‌ನಲ್ಲಿ 219 ಮೀಟರ್. ಟ್ರೆಂಬ್ಲಾಂಟ್‌ನಲ್ಲಿ 645. ಆ ಕಡೆ ಬ್ರಿಟಿಷ್ ಕೊಲಂಬಿಯಾದ ವಿಸ್ಲರ್‌ಗೆ ಹೋದರೆ ಸುಮಾರು 1,600. ಆದರೆ ಹೊಸಬರು ಮೊದಲ ದಿನ ಇಷ್ಟು ಎತ್ತರವನ್ನು ಬಳಸುವುದೇ ಇಲ್ಲ. ನಿಮ್ಮನ್ನು ನಿಲ್ಲಿಸುವುದು ಮ್ಯಾಜಿಕ್ ಕಾರ್ಪೆಟ್ ಮೇಲೆ. ಏರ್‌ಪೋರ್ಟಿನಲ್ಲಿ ನಡೆಯುವ ಬೆಲ್ಟ್ ಇರುತ್ತದಲ್ಲ, ಅದೇ ತರಹ ನೆಲದ ಮೇಲೆ ಸರಿಯುವ ಪಟ್ಟಿ. ಅದರ ಮೇಲೆ ನಿಂತು ಸಣ್ಣ ದಿಬ್ಬ ಹತ್ತುತ್ತೀರಿ, ಬೀಳುತ್ತಾ ಇಳಿಯುತ್ತೀರಿ. ಟ್ರೆಂಬ್ಲಾಂಟ್‌ನಲ್ಲೂ ಅದೇ ಕಾರ್ಪೆಟ್, ಅದೇ ಬೀಳುವುದು. ಅದಕ್ಕಾಗಿ 600 ಕಿಲೋಮೀಟರ್‌ಗೂ ಜಾಸ್ತಿ ಕಾರು ಓಡಿಸಿ, ಹೋಟೆಲ್ ಬಾಡಿಗೆ ಕಟ್ಟಿ ಹೋಗಬೇಕಾ?

ಕಲಿಯುವವರಿಗೆ ಲೆಕ್ಕಕ್ಕೆ ಬರುವುದು ಎಷ್ಟು ಸಲ ಹೋಗುತ್ತೀರಿ ಅನ್ನುವುದು. ಗ್ಲೆನ್ ಈಡನ್ ನಿಮ್ಮ ಮನೆಯಿಂದ ಹತ್ತು ಹದಿನೈದು ನಿಮಿಷ. ರಾತ್ರಿ ಲೈಟ್ ಹಾಕಿರುತ್ತಾರೆ. ಮಂಗಳವಾರ ಸಂಜೆ ಕೆಲಸ ಮುಗಿಸಿ ಹೋಗಿ, ಎರಡು ಗಂಟೆ ಜಾರಿ, ಮನೆಗೆ ಬಂದು ಊಟ ಮಾಡಬಹುದು. ಗುಡ್ಡ ಚಿಕ್ಕದಾದ್ದರಿಂದ ಇಳಿಯುವುದಕ್ಕೆ ಒಂದು ನಿಮಿಷ ಸಾಕು, ತಕ್ಷಣ ಮತ್ತೆ ಮೇಲೆ. ಅದೇ ತಿರುವು, ಅದೇ ಬ್ರೇಕು, ಮತ್ತೆ ಮತ್ತೆ. ಎರಡು ದಿನ ಬಿಟ್ಟು ಮತ್ತೆ ಹೋದಾಗ ಹೋದ ಸಲ ಒದ್ದಾಡಿದ್ದು ತಾನಾಗಿ ಬರುತ್ತದೆ. ವರ್ಷಕ್ಕೊಮ್ಮೆ ಮೂರು ದಿನ ದೊಡ್ಡ ಬೆಟ್ಟಕ್ಕೆ ಹೋಗುವವರಿಗೆ ಈ ಸುಖ ಇಲ್ಲ. ಪ್ರತಿ ಫೆಬ್ರವರಿಯಲ್ಲೂ ಅವರದ್ದು ಓನಾಮದಿಂದ ಶುರು.

ಮಗಳ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಆ ವಯಸ್ಸಿನ ಮಕ್ಕಳಿಗೆ ಒಂದೂವರೆ ಗಂಟೆ ಆದ ಮೇಲೆ ಕೈ ಮರಗಟ್ಟುತ್ತದೆ, ಬಾತ್‌ರೂಮ್ ಬೇಕಾಗುತ್ತದೆ, ಅಳು ಬರುತ್ತದೆ. ಹತ್ತಿರದ ಗುಡ್ಡವಾದರೆ ‘ಸರಿ, ನಡಿ ಮನೆಗೆ’ ಅನ್ನಬಹುದು. ಅಷ್ಟು ದೂರ ಹೋಗಿ, ಅಷ್ಟು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡ ಮೇಲೆ ಹಾಗೆ ಅನ್ನಲು ನಮ್ಮಂಥವರಿಗೆ ಮನಸ್ಸು ಬರಲ್ಲ. ‘ಇನ್ನೊಂದೇ ಸಲ ಪುಟ್ಟಾ’ ಅಂತ ಎಳೆದುಕೊಂಡು ಹೋಗುತ್ತೇವೆ. ಮುಂದಿನ ವರ್ಷ ನಾವು ಸ್ಕೀ ಹೆಸರು ಎತ್ತಿದರೆ ಮಗು ಮಂಚದ ಕೆಳಗೆ ಸೇರಿಕೊಳ್ಳುತ್ತದೆ.

ಬೂಟಿನ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಹೊಸಬರ ದಿನ ಹಾಳಾಗುವುದು ಜಾಸ್ತಿ ಅಲ್ಲೇ. ಬಾಡಿಗೆ ಕೌಂಟರಿನಲ್ಲಿ ತೂಕ, ಎತ್ತರ, ವಯಸ್ಸು, ಸ್ಕೀ ಎಷ್ಟು ಬರುತ್ತದೆ ಅಂತ ಕೇಳುತ್ತಾರೆ. ನಾಚಿಕೆಪಟ್ಟು ತೂಕ ಕಡಿಮೆ ಹೇಳಬೇಡಿ. ಬಿದ್ದಾಗ ಬೂಟು ಸ್ಕೀಯಿಂದ ಎಷ್ಟು ಬಿಗಿಯಲ್ಲಿ ಬಿಡಿಸಿಕೊಳ್ಳಬೇಕು ಅಂತ ಸ್ಕ್ರೂ ತಿರುಗಿಸುವುದು ಅದೇ ಲೆಕ್ಕದ ಮೇಲೆ. ಅದು ತಪ್ಪಿದರೆ ಮೊಣಕಾಲಿಗೆ ಪೆಟ್ಟು. ಬೂಟಿನೊಳಗೆ ತೆಳ್ಳಗಿನ, ಉದ್ದನೆಯ ಒಂದೇ ಜೊತೆ ಸಾಕ್ಸ್. ಚಳಿ ಅಂತ ಎರಡು ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ. ಪ್ಯಾಂಟಿನ ಅಂಚು ಒಳಗೆ ಸೇರಬಾರದು. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ಮೆಲ್ಲಗೆ ತಾಗಬೇಕು, ಮೊಣಕಾಲು ಬಗ್ಗಿಸಿ ಮುಂದಕ್ಕೆ ಒರಗಿದಾಗ ಬಿಡಬೇಕು. ಹಿಮ್ಮಡಿ ಮೇಲೆ ಏಳಬಾರದು. ಎದ್ದರೆ ಬೂಟು ದೊಡ್ಡದು, ವಾಪಸ್ ಕೊಟ್ಟು ಚಿಕ್ಕದು ಕೇಳಿ. ಹತ್ತಿರದ ಗುಡ್ಡದಲ್ಲಿ ವಾರದ ಮಧ್ಯೆ ಇದಕ್ಕೆಲ್ಲ ಪುರುಸೊತ್ತು ಇರುತ್ತದೆ. ದೊಡ್ಡ ಬೆಟ್ಟದಲ್ಲಿ ರಜೆ ದಿನ ಬೆಳಿಗ್ಗೆ ಹಿಂದೆ ಮಾರುದ್ದ ಕ್ಯೂ, ಯಾರೂ ಎರಡನೇ ಸಲ ಬೂಟು ಬದಲಾಯಿಸುವುದಿಲ್ಲ. ಮಗಳಿಗೆ ಅಕ್ಟೋಬರ್, ನವೆಂಬರ್‌ನಲ್ಲೇ ಸ್ಕೀ ಅಂಗಡಿಯಲ್ಲಿ ಸ್ಕೀ, ಬೂಟು ಇಡೀ ಸೀಸನ್‌ಗೆ ಬಾಡಿಗೆಗೆ ತೆಗೆದುಬಿಡಿ. ಪ್ರತಿ ಸಲ ಕೌಂಟರಿನಲ್ಲಿ ನಿಲ್ಲುವ ಕಷ್ಟ ತಪ್ಪುತ್ತದೆ.

ಮೂವರಿಗೂ ಹೆಲ್ಮೆಟ್, ಅದರಲ್ಲಿ ಚರ್ಚೆ ಇಲ್ಲ. ಜೀನ್ಸ್ ಬೇಡ, ಒದ್ದೆಯಾಗಿ ಗಟ್ಟಿಯಾಗುತ್ತದೆ. ಚೇರ್‌ಲಿಫ್ಟ್ (ತಂತಿಗೆ ತೂಗುಹಾಕಿ ಮೇಲಕ್ಕೆ ಒಯ್ಯುವ ಕುರ್ಚಿ) ಹತ್ತುವಾಗ ‘ಮೊದಲ ಸಲ’ ಅಂತ ಅಲ್ಲಿ ನಿಂತಿರುವವರಿಗೆ ಹೇಳಿ, ನಿಧಾನ ಮಾಡುತ್ತಾರೆ.

ಹಾಗಂತ ಚಿಕ್ಕ ಗುಡ್ಡವನ್ನು ಸುಮ್ನೆ ಹೊಗಳುವುದಿಲ್ಲ. ಶನಿವಾರ ಮಧ್ಯಾಹ್ನ ಅಲ್ಲಿ ಕಾಲಿಡಲು ಜಾಗ ಇರಲ್ಲ. ಜನವರಿಯಲ್ಲಿ ಒಂದು ಮಳೆ ಬಿದ್ದು ಮಾರನೇ ದಿನ ಮೈನಸ್ ಹತ್ತಕ್ಕೆ ಇಳಿದರೆ ಇಡೀ ಇಳಿಜಾರು ಐಸು. ಇಲ್ಲಿನ ಗುಡ್ಡಗಳು ನಿಂತಿರುವುದೇ ಯಂತ್ರದ ಸ್ನೋ ಮೇಲೆ. ಗಾಳಿಯಲ್ಲಿ ತೇವ ಕಡಿಮೆಯಿದ್ದು, ಚಳಿ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿದ್ದರೆ ನೀರನ್ನು ಸಣ್ಣ ಹನಿಯಾಗಿ ಚಿಮ್ಮಿಸಿ ಸ್ನೋ ಮಾಡುತ್ತಾರೆ. ಆಕಾಶದಿಂದ ಬಿದ್ದದ್ದಕ್ಕಿಂತ ಅದು ಗಟ್ಟಿ, ಒರಟು. ದೂರದ ಬೆಟ್ಟ ನುಣ್ಣಗೆ ಅನ್ನುವ ಗಾದೆ ಸ್ಕೀಯಿಂಗ್ ವಿಷಯದಲ್ಲಿ ಅಕ್ಷರಶಃ ನಿಜ, ಪಶ್ಚಿಮದ ಆಲ್ಬರ್ಟಾ ಕಡೆಯ ಒಣ ಸ್ನೋ ನಿಜವಾಗಿಯೂ ನುಣ್ಣಗೇ ಇರುತ್ತದೆ! ಆದರೆ ಒಂಟಾರಿಯೊದ ಐಸಿನ ಮೇಲೆ ಕಲಿತ ಕಾಲು ಎಲ್ಲಿ ಹೋದರೂ ಹೆದರುವುದಿಲ್ಲ.

ಇನ್ನೊಂದು ಎಚ್ಚರ. ಸುಲಭದ್ದಕ್ಕೆ ಹಸಿರು ವೃತ್ತ, ಮಧ್ಯಮಕ್ಕೆ ನೀಲಿ ಚೌಕ, ಕಷ್ಟದ್ದಕ್ಕೆ ಕಪ್ಪು ಡೈಮಂಡ್ ಅಂತ ಹಾದಿಗಳಿಗೆ ಗುರುತು ಇರುತ್ತದೆ. ಅದು ಆಯಾ ಬೆಟ್ಟದೊಳಗಿನ ಹೋಲಿಕೆ ಅಷ್ಟೇ. ಗ್ಲೆನ್ ಈಡನ್‌ನ ಕಪ್ಪು ಇಳಿದೆ ಅಂತ ವಿಸ್ಲರ್‌ನ ಕಪ್ಪಿಗೆ ಹೋಗಬೇಡಿ.

ಬ್ಲೂ ಮೌಂಟನ್ ಬಗ್ಗೆ ನೀವು ಕೇಳಲಿಲ್ಲ, ಆದರೆ ಯಾರಾದರೂ ಹೇಳೇ ಹೇಳುತ್ತಾರೆ. ನಿಮ್ಮ ಮಿಲ್ಟನ್ ಗುಡ್ಡವೂ ಅದೂ ನಯಾಗರ ಎಸ್ಕಾರ್ಪ್‌ಮೆಂಟ್ ಅನ್ನುವ ಒಂದೇ ಕಡಿದಾದ ಬಂಡೆಸಾಲಿನವು, ನಯಾಗರ ಜಲಪಾತ ಧುಮುಕುವುದೂ ಅದೇ ಸಾಲಿನಿಂದ. ಹೆಚ್ಚುಕಡಿಮೆ ಎರಡು ಗಂಟೆ ದಾರಿ. ವಾರದ ಮಧ್ಯೆ ರಜೆ ಹಾಕಿ ಹೋದರೆ ಚೆನ್ನಾಗಿರುತ್ತದೆ. ಶನಿವಾರ ಹೋದರೆ ಗ್ಲೆನ್ ಈಡನ್‌ನ ಜನಜಂಗುಳಿ, ಟ್ರೆಂಬ್ಲಾಂಟ್‌ನ ಖರ್ಚು, ಎರಡೂ ಒಟ್ಟಿಗೆ. ದಾರಿಯೂ ಹಗುರ ಅಲ್ಲ. ಶೆಲ್ಬರ್ನ್ ಸುತ್ತಮುತ್ತ ಬಯಲು, ಗಾಳಿ ಎದ್ದರೆ ಮುಂದಿನ ಕಾರು ಕಾಣುವುದಿಲ್ಲ, ಪೊಲೀಸರು ರಸ್ತೆಯನ್ನೇ ಮುಚ್ಚಿಬಿಡುತ್ತಾರೆ. ವಿಂಟರ್ ಟೈರ್ ಇಲ್ಲದೆ ಆ ಕಡೆ ಹೋಗಬೇಡಿ. ಒಂಟಾರಿಯೊದಲ್ಲಿ ಕಡ್ಡಾಯ ಅಲ್ಲ, ಆದರೆ 2016ರಿಂದ ವಿಂಟರ್ ಟೈರ್ ಹಾಕಿದವರಿಗೆ ಕಾರ್ ಇನ್ಶೂರೆನ್ಸ್‌ನಲ್ಲಿ ರಿಯಾಯಿತಿ ಕೊಡಲೇಬೇಕು ಅಂತ ನಿಯಮ ಇದೆ. ಕೇಳಿ ತೆಗೆದುಕೊಳ್ಳಿ, ಅವರಾಗಿ ಕೊಡುತ್ತಾರೆ ಅಂತ ಕಾಯಬೇಡಿ.

ದೊಡ್ಡ ಬೆಟ್ಟಕ್ಕೆ ಯಾವಾಗ? ನೀಲಿ ಹಾದಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗುತ್ತಾ, ಬೇಕೆಂದ ಕಡೆ ನಿಲ್ಲಲು ಬಂದರೆ ಸಾಕು, ಹೊರಡಿ. ಆಗಲೂ ನನ್ನ ಮನಸ್ಸು ಪಶ್ಚಿಮದ ಕಡೆಗೇ. ಟ್ರೆಂಬ್ಲಾಂಟ್‌ನ ಊರು ಚೆಂದ, ನಿಜ. ಆದರೆ ಏಳು ಗಂಟೆ ಹತ್ತಿರ ಡ್ರೈವಿಂಗ್, ಮೇಲೆ ಗಾಳಿ ಸೇರಿದರೆ ಮೈನಸ್ ಮೂವತ್ತರ ಚಳಿ. ಎರಡು ವರ್ಷದ ಆ ದುಡ್ಡು ಉಳಿಸಿ ಒಂದು ಸಲ ಬ್ಯಾನ್ಫ್‌ಗೆ ಹೋಗಿ. ಕ್ಯಾಲ್ಗರಿಗೆ ವಿಮಾನ ನಾಲ್ಕು ಗಂಟೆ ಚಿಲ್ಲರೆ, ಅಲ್ಲಿಂದ ಸನ್‌ಶೈನ್, ಲೇಕ್ ಲೂಯಿಸ್ ಅನ್ನುವ ಎರಡೂ ಸ್ಕೀ ಬೆಟ್ಟ ಕಾರಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆಯೊಳಗೆ. ಒಂದೇ ಹಾದಿಯಲ್ಲಿ ಇಳಿಯುತ್ತಲೇ ಇರುತ್ತೀರಿ, ತೊಡೆ ಉರಿದು ನಡುವೆ ನಿಂತು ಉಸಿರು ತೆಗೆದುಕೊಳ್ಳಬೇಕು. ವಿಸ್ಲರ್ ಇನ್ನೂ ದೊಡ್ಡದು, ಆದರೆ ಸಮುದ್ರ ಹತ್ತಿರ. ಮೇಲೆ ಸ್ನೋ ಬೀಳುವಾಗ ಕೆಳಗೆ ಮಳೆ ಸುರಿಯುವುದು ಮಾಮೂಲು. ಕೆಲವರು ಗಡಿ ದಾಟಿ ನ್ಯೂಯಾರ್ಕ್ ರಾಜ್ಯದ ಹಾಲಿಡೇ ವ್ಯಾಲಿಗೂ ಹೋಗುತ್ತಾರೆ. ನಮ್ಮ ಪಾಸ್‌ಪೋರ್ಟಿಗೆ ಅಮೆರಿಕ ವೀಸಾ ಬೇಕು ಅನ್ನುವುದು ನೆನಪಿರಲಿ. ಟ್ರಾವೆಲ್ ಇನ್ಶೂರೆನ್ಸ್ ಇಲ್ಲದೆ ಅಲ್ಲಿ ಸ್ಕೀ ಮಾಡಬೇಡಿ. ಕಾಲು ಮುರಿದರೆ ಅಲ್ಲಿನ ಬಿಲ್‌ನಲ್ಲಿ ಓಹಿಪ್ (ಒಂಟಾರಿಯೊ ಸರ್ಕಾರದ ಆರೋಗ್ಯ ವಿಮೆ) ಕೊಡುವುದು ಪುಡಿಗಾಸು.

ಹಲವು ಬೆಟ್ಟಗಳಿಗೆ ಒಂದೇ ಟಿಕೆಟ್‌ನಂತೆ ನಡೆಯುವ ಸೀಸನ್ ಪಾಸ್ ಬಗ್ಗೆ ಆಫೀಸಿನವರು ತಲೆ ತಿನ್ನಬಹುದು. ಐಕಾನ್ ಪಾಸ್‌ನಲ್ಲಿ ಬ್ಲೂ ಮೌಂಟನ್, ಟ್ರೆಂಬ್ಲಾಂಟ್ ಎರಡೂ ಬರುತ್ತವೆ, ಎಪಿಕ್‌ನಲ್ಲಿ ವಿಸ್ಲರ್. ಸೀಸನ್ ಶುರುವಾಗುವ ಮೊದಲೇ ಕೊಂಡರೆ ಕಡಿಮೆ. ನಿಮಗೆ ಈ ವರ್ಷ ಅವೆಲ್ಲ ಬೇಡ. ಲಿಫ್ಟ್, ಬಾಡಿಗೆ, ಪಾಠ ಸೇರಿದ ಬಿಗಿನರ್ ಪ್ಯಾಕೇಜ್ ಸಿಗುತ್ತದೆ, ಅದರಲ್ಲೇ ಶುರು ಮಾಡಿ. ಗಂಡ ಹೆಂಡತಿಗೆ ಕಲಿಸಲು ಹೋಗುವುದು ಮಾತ್ರ ಬೇಡ ಮಾರಾಯ್ರೆ, ಟೀಚರ್‌ಗೇ ದುಡ್ಡು ಕೊಡಿ.

ಆಫೀಸಿನವರ ಜೊತೆ ಹೋಗಲೇಬೇಕು ಅನ್ನಿಸಿದರೆ ಸ್ಕೀ ಬಿಟ್ಟು ಊರು ಸುತ್ತಲು ಹೋಗಿ ಬನ್ನಿ, ಬೇಜಾರಾಗುವುದಿಲ್ಲ. ಆದರೆ ಮೊದಲು ಮಗಳ ಕ್ಲಾಸ್ ನೋಡಿ. ಮಕ್ಕಳ ವಾರಾಂತ್ಯದ ಪಾಠಗಳು ಸ್ನೋ ಬೀಳುವ ಮೊದಲೇ ತುಂಬಿಹೋಗುತ್ತವೆ.