ಹಳೆ ಡೂಮ್, ಹೊಸ ಡೂಮ್: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ತೊಂಬತ್ತರ ದಶಕದ ಕೊನೆಯಲ್ಲಿ ಮಡಿಕೇರಿಯ ಕಂಪ್ಯೂಟರ್ ಕ್ಲಾಸಿನಲ್ಲಿ, ಮೇಷ್ಟ್ರು ಊಟಕ್ಕೆ ಹೋದಾಗ ನಾವೆಲ್ಲ ರಾಕ್ಷಸರಿಗೆ ಗುಂಡು ಹೊಡೆಯೋ ಡೂಮ್ ಆಟ ಆಡುತ್ತಿದ್ದೆವು. ಈಗ ಹೊಸ ಹೊಸ ಡೂಮ್ ಬಂದಿವೆಯಂತಲ್ಲ, ಯಾವುದರಲ್ಲಿ ಆ ಖುಷಿ ಸಿಗುತ್ತದೆ?
– ಓದುಗರು, ಮಡಿಕೇರಿ

ಉತ್ತರ: ಎರಡರಲ್ಲಿ ಸಿಗುತ್ತದೆ ಸರ್. ಒಂದು 2016ರ ಡೂಮ್, ಬುಡದಿಂದ ಹೊಸದಾಗಿ ಕಟ್ಟಿದ್ದು. ಇನ್ನೊಂದು 2024ರ ಆಗಸ್ಟ್‌ನಲ್ಲಿ ಬಂದ 'ಡೂಮ್ + ಡೂಮ್ 2'. ಇದು ನೀವು ಆಡಿದ ಆಟವೇ, ಇವತ್ತಿನ ಟಿವಿಗೆ, ಕಂಪ್ಯೂಟರಿಗೆ ಹೊಂದಿಸಿ ಕೊಟ್ಟಿದ್ದಾರೆ.

ಆ ಖುಷಿ ಇದ್ದದ್ದಾದರೂ ಎಲ್ಲಿ? 1993ರ ಡಿಸೆಂಬರ್‌ನಲ್ಲಿ ಇಡ್ ಸಾಫ್ಟ್‌ವೇರ್ ಕಂಪನಿ ಬಿಟ್ಟ ಆಟದಲ್ಲಿ ರೀಲೋಡ್ (ಗನ್ನಿಗೆ ಮತ್ತೆ ಮತ್ತೆ ಗುಂಡು ತುಂಬೋದು) ಇರಲಿಲ್ಲ, ಜಿಗಿಯೋಕೆ ಆಗುತ್ತಿರಲಿಲ್ಲ, ಕತ್ತೆತ್ತಿ ಮೇಲೆ ನೋಡೋಕೂ ಆಗುತ್ತಿರಲಿಲ್ಲ. ಎತ್ತರದಲ್ಲಿ ನಿಂತ ರಾಕ್ಷಸನ ನೇರಕ್ಕೆ ಬಂದು ಹೊಡೆದರೆ ಸಾಕು, ಗುಂಡು ತಾನೇ ಮೇಲಕ್ಕೆ ಹೋಗುತ್ತಿತ್ತು. ಹಾಗಾಗಿ ನಿಮಗೆ ಉಳಿದ ದೊಡ್ಡ ಕೆಲಸ ಓಡೋದು. ಇಂಪ್ ಅನ್ನೋ ಕಂದು ರಾಕ್ಷಸ ಎಸೆಯುವ ಬೆಂಕಿಯುಂಡೆ ನೆನಪಿದೆ ಅಲ್ವಾ? ಕಣ್ಣಿಗೆ ಕಾಣುವಷ್ಟು ನಿಧಾನ ಬರುತ್ತದೆ, ನೀವು ಪಕ್ಕಕ್ಕೆ ಸರಿದರೆ ಹಿಂದಿರುವ ಬೇರೆ ಜಾತಿಯ ರಾಕ್ಷಸನಿಗೆ ಬಡಿಯುತ್ತದೆ, ಅವನು ಸಿಟ್ಟಾಗಿ ನಿಮ್ಮನ್ನು ಬಿಟ್ಟು ಇಂಪ್ ಮೇಲೆಯೇ ಬೀಳುತ್ತಾನೆ, ಅಷ್ಟು ಹೊತ್ತಿಗೆ ನೀವು ಆಚೆ ಬಾಗಿಲು ದಾಟಿರುತ್ತೀರಿ. ಇದನ್ನೆಲ್ಲ ಕಾಲಲ್ಲೇ ಮಾಡಬೇಕು. ನಿಂತವನು ಸತ್ತ.

2004ರ ಡೂಮ್ 3 ಈ ಓಟವನ್ನೇ ಕಿತ್ತುಹಾಕಿತು. ಚಿತ್ರ ಆ ಕಾಲಕ್ಕೆ ತುಂಬಾ ಚೆಂದ, ಆದರೆ ಎಲ್ಲಿ ನೋಡಿದರೂ ಕತ್ತಲು. ಟಾರ್ಚ್ ಹಿಡಿದರೆ ಗನ್ ಇಲ್ಲ, ಗನ್ ಹಿಡಿದರೆ ಟಾರ್ಚ್ ಇಲ್ಲ. ಹೆದರಿಸೋ ಆಟವಾಗಿ ನನಗೆ ಇಷ್ಟ, ಡೂಮ್ ಅಂತ ಒಪ್ಪೋದು ಮಾತ್ರ ಕಷ್ಟ. 2016ರವರು ಓಟವನ್ನು ವಾಪಸ್ ತಂದರು, ಅದಕ್ಕೊಂದು ಒಳ್ಳೆಯ ಉಪಾಯವನ್ನೂ ಹುಡುಕಿದರು. ಜೀವ ಕಮ್ಮಿಯಾದಾಗ ಗೋಡೆ ಹಿಂದೆ ಅಡಗಿ ಕೂತರೆ ಏನೂ ಸಿಗೋದಿಲ್ಲ. ಏಟು ತಿಂದು ತೂರಾಡುತ್ತಿರುವ ರಾಕ್ಷಸನ ಹತ್ತಿರಕ್ಕೇ ನುಗ್ಗಿ ಬರಿಗೈಲಿ ಮುಗಿಸಬೇಕು, ಆಗ ಅವನ ಮೈಯಿಂದ ಜೀವ ತುಂಬುವ ಗುಳಿಗೆಗಳು ಉದುರುತ್ತವೆ. ಹೆದರಿಕೆಯಾದಷ್ಟೂ ಮುಂದಕ್ಕೆ ಹೋಗಲೇಬೇಕು. ಇದನ್ನು ಯೋಚಿಸಿದವರಿಗೆ ಹಳೇ ಆಟದ ಮೇಲೆ ನಿಜವಾದ ಪ್ರೀತಿ ಇದ್ದಿರಲೇಬೇಕು.

2024ರದ್ದರಲ್ಲಿ ಮೊದಲ ಮ್ಯಾಪು, ಅಂದರೆ ಆಟದ ಮೊದಲ ಹಂತ, ಹಾಗೇ ಇದೆ. ಎಡಕ್ಕೆ ಮೆಟ್ಟಿಲ ಮೇಲೆ ಹಸಿರು ಕವಚ, ಕಿಟಕಿಯಾಚೆ ಅಂಗಳದಲ್ಲಿ ಆಸೆ ಹುಟ್ಟಿಸುವ ನೀಲಿ ಕವಚ, ಒಳಗೆ ವಿಷದ ಕೊಳದ ಮೇಲೆ ಅಂಕುಡೊಂಕು ಹಾದಿ. ಮೊದಲೆಲ್ಲ ಸೆಕೆಂಡಿಗೆ 35 ಫ್ರೇಮ್ (ಬಿಡಿ ಚಿತ್ರ) ದಾಟದಿದ್ದ ಆಟ ಈಗ ನುಣ್ಣಗೆ ಓಡುತ್ತದೆ. 'ಲೆಗಸಿ ಆಫ್ ರಸ್ಟ್' ಅನ್ನೋ ಹೊಸ ಅಧ್ಯಾಯವೂ ಸೇರಿದೆ. ಒಂದೇ ಟಿವಿಯಲ್ಲಿ ನಾಲ್ಕು ಜನ ಆಡಬಹುದು. ಕ್ಲಾಸಿನ ಗೆಳೆಯರು ಇನ್ನೂ ಊರಲ್ಲಿದ್ದರೆ ಮನೆಗೆ ಕರೀರಿ ಸರ್.

ಪ್ರಶ್ನೆ: ನನ್ನದು 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್. ಮಳೆ ಹಿಡಿದರೆ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ನನಗೇನಾದರೂ ದಾರಿ ಇದೆಯಾ?
– ಓದುಗರು, ಗೋಣಿಕೊಪ್ಪ

ಉತ್ತರ: ಖಂಡಿತ ಇದೆ. 2016ರ ಡೂಮ್ ಮರೆತುಬಿಡಿ, ಅದಕ್ಕೆ ಕನಿಷ್ಠ 8 ಜಿಬಿ ರ‍್ಯಾಮ್, 55 ಜಿಬಿ ಜಾಗ ಬೇಕು. ನಿಮಗೆ ಬೇಕಾದ್ದು ಕ್ರಿಸ್ಪಿ ಡೂಮ್. 1997ರಲ್ಲಿ ಇಡ್‌ನವರು ಹಳೇ ಡೂಮ್‌ನ ಸೋರ್ಸ್ ಕೋಡ್ (ಆಟದ ಮೂಲ ಪ್ರೋಗ್ರಾಂ) ಎಲ್ಲರಿಗೂ ಬಿಟ್ಟುಕೊಟ್ಟರು, ಅದರ ಮೇಲೆ ಆಸಕ್ತರು ಕಟ್ಟಿದ, ಆಟವನ್ನು ಓಡಿಸುವ ಎಂಜಿನ್‌ಗಳಲ್ಲಿ ಇದೂ ಒಂದು, ದುಡ್ಡು ಕೊಡಬೇಕಿಲ್ಲ. ಮೂಲ ಆಟದ 320x200 ಚುಕ್ಕೆಗಳ ಚಿತ್ರವನ್ನು ಇದು ಉದ್ದಕ್ಕೂ ಅಗಲಕ್ಕೂ ಎರಡರಷ್ಟು ಮಾಡಿ ತೋರಿಸುತ್ತದೆ, ಆಟದ ನಡೆ ಮುಟ್ಟುವುದಿಲ್ಲ. ಬರೀ ಎಂಜಿನ್ ಸಾಲದು, ಮ್ಯಾಪು ಮತ್ತು ಚಿತ್ರಗಳಿರುವ ಫೈಲ್ ಬೇಕು. ಡೂಮ್‌ನ ಮೊದಲ ಭಾಗ ಶೇರ್‌ವೇರ್ ಆಗಿ ಅಂದಿನಿಂದಲೂ ಉಚಿತ, ಸುಮಾರು 4 ಎಂಬಿ ಅಷ್ಟೇ. ಅದು ಮುಗಿದ ಮೇಲೆ ಫ್ರೀಡೂಮ್ ಹಾಕಿಕೊಳ್ಳಿ, ಅದರಲ್ಲಿ ಎಲ್ಲವನ್ನೂ ಉಚಿತವಾಗಿ ಕೊಡಲೆಂದೇ ಹೊಸದಾಗಿ ಮಾಡಿದ್ದಾರೆ. ಮೇ ತಿಂಗಳೊಳಗೆ ಇಳಿಸಿಟ್ಟುಕೊಂಡರೆ ಆಮೇಲೆ ನೆಟ್ಟಿನ ಹಂಗಿಲ್ಲ. ಯಂತ್ರಕ್ಕೆ ಜಾಸ್ತಿ ಕೆಲಸ ಇಲ್ಲದ್ದರಿಂದ ಬ್ಯಾಟರಿಯೂ ಚೆನ್ನಾಗಿ ಬರುತ್ತದೆ.

ಪ್ರಶ್ನೆ: ಮಗನಿಗೆ 11 ವರ್ಷ. ನಮ್ಮ ಕೊಡಗಿನ ಹಬ್ಬ ಕೈಲ್ ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋದನ್ನು ನೋಡಿಕೊಂಡೇ ಬೆಳೆದವನು, ಕೋವಿ ಅವನಿಗೆ ಹೊಸದಾ, ಡೂಮ್ ಆಡಿದರೆ ಏನಾಯ್ತು ಅಂತಾರೆ ಅವನ ಅಪ್ಪ. ನೀವೇನು ಹೇಳ್ತೀರಿ?
– ಓದುಗರು, ವಿರಾಜಪೇಟೆ

ಉತ್ತರ: ಈಗ ಬೇಡ ಅಕ್ಕ. ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ, ಹಿರಿಯರು ಪಕ್ಕದಲ್ಲಿರುತ್ತಾರೆ, ಸರದಿ ಬರೋವರೆಗೆ ಕಾಯಬೇಕು, ಗುರಿ ಒಂದು ಕಾಯಿ. ಡೂಮ್‌ನಲ್ಲಿ ತುಂಬಿರೋದು ರಕ್ತ, ಮಾಂಸ. 2016ರದ್ದರಲ್ಲಿ ಕೈಕಾಲು ಕಿತ್ತು ಬರೋದನ್ನು ತೀರಾ ಹತ್ತಿರದಿಂದ ತೋರಿಸುತ್ತಾರೆ. ಅಮೆರಿಕದ ರೇಟಿಂಗ್‌ನಲ್ಲಿ ಅದು 17 ವರ್ಷ ತುಂಬಿದವರಿಗೆ.

ಅವನಿಗೆ ಸ್ಪೇಸ್ ಇನ್ವೇಡರ್ಸ್ ಕೊಡಿ. 1978ರಲ್ಲಿ ಜಪಾನಿನ ಟೈಟೊ ಕಂಪನಿಗೆ ತೊಮೊಹಿರೊ ನಿಶಿಕಾಡೊ ಮಾಡಿದ ಆಟ. ಶತ್ರುಗಳು ಕಮ್ಮಿಯಾದಂತೆ ಉಳಿದವು ಜೋರಾಗಿ ಓಡುತ್ತವೆ. ಅಷ್ಟೊಂದು ಚಿತ್ರ ಬಿಡಿಸೋಕೆ ಆಗಿನ ಪ್ರೊಸೆಸರ್ ಒದ್ದಾಡುತ್ತಿತ್ತು, ಶತ್ರುಗಳು ಸತ್ತಂತೆ ಅದರ ಹೊರೆ ಇಳಿದು ವೇಗ ತಾನಾಗಿ ಏರುತ್ತಿತ್ತು. ಆಟ ಹೀಗೇ ಚೆನ್ನಾಗಿದೆ ಅಂತ ನಿಶಿಕಾಡೊ ಅದನ್ನು ಉಳಿಸಿಕೊಂಡರು. ಇದರದ್ದೇ ಹೊಸ ರೂಪ 2008ರ ಸ್ಪೇಸ್ ಇನ್ವೇಡರ್ಸ್ ಎಕ್ಸ್‌ಟ್ರೀಮ್, ಈಗ ಕಂಪ್ಯೂಟರಿಗೂ ಸಿಗುತ್ತದೆ. ಬಣ್ಣ, ಸಂಗೀತ ಎಲ್ಲ ಜೋರಾಗಿದೆ, ರಕ್ತದ ಹನಿಯೂ ಇಲ್ಲ. ಅಪ್ಪನನ್ನೂ ಜೊತೆಗೆ ಕೂರಿಸಿ, ಯಾರ ಸ್ಕೋರ್ ಜಾಸ್ತಿ ಅಂತ ಅವರಿಬ್ಬರೇ ನೋಡಿಕೊಳ್ಳಲಿ.