ಸ್ವಂತ ಬೇರಿನ ಗುಲಾಬಿ

ಪ್ರಶ್ನೆ: ಮೂರು ವರ್ಷಗಳ ಹಿಂದೆ ನರ್ಸರಿಯಿಂದ ಆರು ಗುಲಾಬಿ ಗಿಡಗಳನ್ನು ತಂದು ಅಂಗಳದಲ್ಲಿ ನೆಟ್ಟೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಾಲ್ಕು ಒಣಗಿದವು. ಉಳಿದೆರಡರಲ್ಲಿ ಒಂದು ಮೊದಲು ದೊಡ್ಡ ಕೆಂಪು ಹೂ ಬಿಡುತ್ತಿತ್ತು. ಈಗ ಆಳೆತ್ತರ ಬೆಳೆದು ವರ್ಷಕ್ಕೊಮ್ಮೆ ಬಿಳಿಯ ಪುಟ್ಟ ಹೂಗಳ ಗೊಂಚಲನ್ನಷ್ಟೇ ಬಿಡುತ್ತಿದೆ. ವಾರವಾರ ಔಷಧಿ ಸಿಂಪಡಿಸುವುದು ನಮ್ಮಿಂದಾಗದು. ಹೆಚ್ಚು ಆರೈಕೆ ಬೇಡದ ಗುಲಾಬಿ ಇದೆಯೇ?
— ಓದುಗರೊಬ್ಬರು, ತುಮಕೂರು

ಉತ್ತರ: ಖಂಡಿತ ಇದೆ. ಮೊದಲು ಬಿಳಿ ಹೂವಿನ ಗಿಡದ ವಿಷಯ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅದರ ಬುಡದಲ್ಲಿಯೇ ಇದೆ. ನರ್ಸರಿಯ ಗುಲಾಬಿಗಳಲ್ಲಿ ಬಹುಪಾಲು ಕಣ್ಣು ಕಸಿ ಮಾಡಿದವು. ಗಟ್ಟಿ ಜಾತಿಯೊಂದರ ಕಾಂಡಕ್ಕೆ ನಾವು ಬಯಸುವ ತಳಿಯ ಒಂದೇ ಒಂದು ಕಣ್ಣನ್ನು ಕೂರಿಸಿ ಬೆಳೆಸಿರುತ್ತಾರೆ. ನಿಮ್ಮಲ್ಲಿ ಕಸಿಯ ಭಾಗ ಸತ್ತು, ಕೆಳಗಿನ ಬೇರುಗಿಡ ಬದುಕಿಕೊಂಡಿದೆ. ನೀವು ವರ್ಣಿಸಿರುವ ಹೂವನ್ನು ನೋಡಿದರೆ ಅದು ರೋಸಾ ಮಲ್ಟಿಫ್ಲೋರಾ ಇರಬೇಕು.

ಉಳಿದ ಇನ್ನೊಂದು ಗಿಡದ ಬುಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿ. ಕಾಂಡದಲ್ಲಿ ಹುಣಿಸೆ ಬೀಜದಷ್ಟೋ ನೆಲ್ಲಿಕಾಯಿಯಷ್ಟೋ ಊದಿಕೊಂಡ ಗಂಟು ಕಾಣುತ್ತದೆ. ಕಸಿ ಕೂಡಿದ ಜಾಗ ಅದೇ. ಗಂಟಿನ ಮೇಲಿನಿಂದ ಬಂದ ಚಿಗುರು ನಿಮ್ಮದು, ಕೆಳಗಿನಿಂದ ಬಂದದ್ದು ಬೇರುಗಿಡದ್ದು. ಅದನ್ನು ಕತ್ತರಿಯಿಂದ ಕತ್ತರಿಸಬೇಡಿ, ಕತ್ತರಿಸಿದ ಕಡೆ ಉಳಿದ ಕಣ್ಣುಗಳಿಂದ ಮತ್ತೆರಡು ಒಡೆಯುತ್ತವೆ. ಹುಟ್ಟಿದ ಜಾಗದಿಂದಲೇ ಕೆಳಮುಖವಾಗಿ ಎಳೆದು ಕಿತ್ತುಬಿಡಿ.

ಆದ್ದರಿಂದ ಕಡಿಮೆ ಆರೈಕೆಯ ತೋಟ ಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟೇ: ಕಡ್ಡಿಯಿಂದ ಬೆಳೆದ, ಸ್ವಂತ ಬೇರಿನ ಗಿಡವನ್ನೇ ನೆಡಿ. ಬೇಸಿಗೆಯಲ್ಲಿ ಮೇಲಿನ ಭಾಗ ಒಣಗಿದರೂ ದನ ಮೇಯ್ದು ಹೋದರೂ ಬುಡದಿಂದ ಮತ್ತೆ ಬರುವುದು ಅದೇ ಹೂವು. ನಮ್ಮ ಕಡೆಯ ಪನ್ನೀರು ಗುಲಾಬಿ ಮತ್ತು ಬಟನ್ ಗುಲಾಬಿಗಳು ಹಿತ್ತಿಲಿನಿಂದ ಹಿತ್ತಿಲಿಗೆ ದಾಟಿದ್ದು ಹೀಗೆ ಕಡ್ಡಿಯ ರೂಪದಲ್ಲಿಯೇ. ಪನ್ನೀರು ಗುಲಾಬಿಯ ಹೂ ಹೂದಾನಿಯಲ್ಲಿ ಒಂದು ದಿನವೂ ನಿಲ್ಲುವುದಿಲ್ಲ, ಬೆಳಿಗ್ಗೆ ಅರಳಿದ್ದು ಸಂಜೆಯ ಹೊತ್ತಿಗೆ ಎಸಳುದುರಿಸುತ್ತದೆ, ಆದರೆ ಅದರ ಪರಿಮಳಕ್ಕೆ ಸರಿಸಾಟಿಯಾದ ಹೈಬ್ರಿಡ್ ಗುಲಾಬಿಯನ್ನು ನಾನಂತೂ ಕಂಡಿಲ್ಲ. ಗೊಂಚಲು ಹೂಗಳ ಬಿಳಿಯ ಗಿಡ ಬೇಕಿದ್ದರೆ, ಜರ್ಮನಿಯ ಕೋರ್ಡೆಸ್ ಮನೆತನ 1958ರಲ್ಲಿ ಹೊರತಂದ ಐಸ್‌ಬರ್ಗ್ ಕೂಡ ಒಳ್ಳೆಯದು.

ಜೂನ್–ಜುಲೈ ತಿಂಗಳಲ್ಲಿ ಪರಿಚಿತರ ಮನೆಯಿಂದ ಪೆನ್ಸಿಲ್ ದಪ್ಪದ, ಗೇಣುದ್ದದ, ಹೂ ಬಿಟ್ಟು ಮುಗಿದ ಕಡ್ಡಿಗಳನ್ನು ತನ್ನಿ. ಕೆಳತುದಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಮೇಲಿನ ಒಂದೆರಡು ಎಲೆಗಳನ್ನಷ್ಟೇ ಉಳಿಸಿ, ಮೂರರಲ್ಲಿ ಎರಡು ಪಾಲು ಹೂಳುವಂತೆ ಮರಳು ಬೆರೆಸಿದ ಮಣ್ಣಿನಲ್ಲಿ ನೆರಳಿನಲ್ಲಿ ಊರಿ. ಚಿಗುರು ಕಂಡ ಕೂಡಲೇ ಬೇರು ಬಂತೆಂದು ಹಿಗ್ಗಿ ಕಿತ್ತು ನೋಡುವವರೇ ಹೆಚ್ಚು. ಕಡ್ಡಿಯಲ್ಲಿ ಉಳಿದ ಸತ್ವದಿಂದಲೂ ಚಿಗುರು ಬರುತ್ತದೆ. ಎರಡು ತಿಂಗಳು ಅದನ್ನು ಮುಟ್ಟಬೇಡಿ.

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗದಲ್ಲಿ, ಗಿಡದಿಂದ ಗಿಡಕ್ಕೆ ಮೂರಡಿ ಬಿಟ್ಟು, ಕೊಟ್ಟಿಗೆ ಗೊಬ್ಬರ ಮತ್ತು ಒಂದು ಹಿಡಿ ಬೇವಿನ ಹಿಂಡಿ ಬೆರೆಸಿದ ಗುಂಡಿಯಲ್ಲಿ ನೆಟ್ಟರೆ ಸಾಕು. ನೀರನ್ನು ಬೆಳಿಗ್ಗೆ ಬುಡಕ್ಕೆ ಮಾತ್ರ ಹಾಕಿ. ಎಲೆಯ ಮೇಲೆ ಅಂಚು ಹರಿದಂತೆ ಕಾಣುವ ಕಪ್ಪು ಚುಕ್ಕೆ, ಅದರ ಸುತ್ತ ಹಳದಿ ಬಣ್ಣ ಕಂಡರೆ ಅದು ಶಿಲೀಂಧ್ರ. ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಮಾತ್ರ ಅದು ಒಳಹೊಕ್ಕುತ್ತದೆ. ಉದುರಿದ ಎಲೆಗಳನ್ನು ಗುಡಿಸಿ ಸುಡಿ. ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್‌ನಲ್ಲಿ, ಒಣಕಡ್ಡಿ ಮತ್ತು ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ತೆಗೆದರೆ ವರ್ಷದ ಸವರುವಿಕೆ ಮುಗಿಯಿತು.

ಔಷಧಿ ಬೇಡದ ಗುಲಾಬಿಯ ಹಂಬಲ ನಿಮ್ಮೊಬ್ಬರದೇ ಅಲ್ಲ. ಅಮೆರಿಕದ ವಿಸ್ಕಾನ್ಸಿನ್‌ನ ವಿಲಿಯಂ ರ‍್ಯಾಡ್ಲರ್ ಎಂಬ ತಳಿಗಾರ ಕಪ್ಪು ಚುಕ್ಕೆ ತಗುಲಿದ ಎಲೆಗಳನ್ನು ಒಣಗಿಸಿ, ಪುಡಿ ಮಾಡಿ ತನ್ನ ಸಸಿಗಳ ಮೇಲೆ ತಾನೇ ಉದುರಿಸುತ್ತಿದ್ದರು; ಸೋತವನ್ನು ಎಸೆದು ತಾಳಿಕೊಂಡವನ್ನು ಉಳಿಸಿಕೊಂಡರು. ಹಾಗೆ ಬಂದ ನಾಕೌಟ್ ಗುಲಾಬಿ 2000ದಲ್ಲಿ ಮಾರುಕಟ್ಟೆಗೆ ಬಂದಿತು.

ಪ್ರಶ್ನೆ: ಕೆನಡಾದ ವಿನಿಪೆಗ್‌ನಲ್ಲಿ ನೆಲೆಸಿದ್ದೇನೆ. ಅಮ್ಮನ ಹಿತ್ತಿಲಿನ ಪನ್ನೀರು ಗುಲಾಬಿಯ ಕಡ್ಡಿಯನ್ನು ಇಲ್ಲಿಗೆ ತಂದು ಬೆಳೆಸಬಹುದೇ?
— ಓದುಗರೊಬ್ಬರು, ವಿನಿಪೆಗ್

ಉತ್ತರ: ತರಬೇಡಿ. ಗಿಡದ ರೋಗಗಳು ದೇಶ ದಾಟದಂತೆ ತಡೆಯುವ ಕಾನೂನು ಎರಡೂ ಕಡೆ ಇದೆ. ತಂದರೂ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯುವ ನಿಮ್ಮೂರಿನ ಚಳಿಯಲ್ಲಿ ಅದು ಬಯಲಿನಲ್ಲಿ ಉಳಿಯದು.

ಆದರೆ ಆ ಚಳಿಗೆಂದೇ ನಿಮ್ಮ ದೇಶದವರು ಬೆಳೆಸಿದ ಗುಲಾಬಿಗಳಿವೆ. ಆಟ್ಟಾವಾದ ಸರ್ಕಾರಿ ಕೃಷಿ ಕ್ಷೇತ್ರದಲ್ಲಿ ಫೆಲಿಸಿಟಾಸ್ ಸ್ವೇಡಾ ಎಂಬ ವಿಜ್ಞಾನಿ ರೂಪಿಸಿದ ಎಕ್ಸ್‌ಪ್ಲೋರರ್ ಸಾಲಿನ ವಿಲಿಯಂ ಬ್ಯಾಫಿನ್ ಅಂಥದ್ದು; ನಿಮ್ಮದೇ ಮ್ಯಾನಿಟೋಬಾದ ಮಾರ್ಡೆನ್ ಸಂಶೋಧನಾ ಕೇಂದ್ರದ ಮಾರ್ಡೆನ್ ಬ್ಲಶ್ ಇನ್ನೊಂದು. ಅಮ್ಮನ ಹಿತ್ತಿಲಿನ ಪರಿಮಳ ನೆನಪಾಗಬೇಕೆಂದಿದ್ದರೆ ಆಲ್ಬರ್ಟಾದ ಜಾರ್ಜ್ ಬುನ್ಯೆ ಬೆಳೆಸಿ 1950ರಲ್ಲಿ ಹೊರಬಂದ ತೆರೇಸ್ ಬುನ್ಯೆಯನ್ನು ಹುಡುಕಿ. ಗುಲಾಬಿ ಬಣ್ಣದ ತುಂಬು ಹೂ, ಒಳ್ಳೆಯ ಸುವಾಸನೆ. ಕೊಳ್ಳುವಾಗ ಸ್ವಂತ ಬೇರಿನದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ, ತುಮಕೂರಿನವರಿಗೆ ಹೇಳಿದ ಕಾರಣಕ್ಕೇ: ಹಿಮ ಕೊಂಬೆಗಳನ್ನು ಕೊಂದರೂ ಬೇರಿನಿಂದ ಅದೇ ಗಿಡ ಮರಳುತ್ತದೆ. ಆಗಸ್ಟ್‌ನ ನಂತರ ಗೊಬ್ಬರ ಹಾಕಬೇಡಿ, ಎಳೆ ಚಿಗುರು ಚಳಿಗೆ ಸುಟ್ಟುಹೋಗುತ್ತದೆ. ತೆರೇಸ್ ಬುನ್ಯೆ ಹಳೆಯ ಕೊಂಬೆಯಲ್ಲಿ ಹೂ ಬಿಡುವುದರಿಂದ ವಸಂತದಲ್ಲಿ ಒಣಗಿದ್ದನ್ನಷ್ಟೇ ತೆಗೆದು, ಕೆಂಪಗೆ ಹೊಳೆಯುವ ಜೀವಂತ ಕೊಂಬೆಗಳನ್ನು ಹಾಗೆಯೇ ಬಿಡಿ.