ಆಂಟಿಬಯಾಟಿಕ್ ಮುಗಿದ ಮೇಲೆ ಬರುವ ತುರಿಕೆ ಮತ್ತು ಬಿಳಿ ಸ್ರಾವಕ್ಕೆ ಪ್ರೊಬಯಾಟಿಕ್ ಮದ್ದಾಗುತ್ತದೆಯೇ?

ಹಲ್ಲಿನ ಸೋಂಕಿಗೆ ಆಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಯೋನಿಯಲ್ಲಿ ವಿಪರೀತ ತುರಿಕೆ, ಒಡೆದ ಮೊಸರಿನಂಥ ಬಿಳಿ ಸ್ರಾವ ಶುರುವಾಗಿದೆ, ವರ್ಷದಲ್ಲಿ ಇದು ಮೂರನೆಯ ಸಲ, ಅತ್ತೆಯವರು ಉಷ್ಣ, ಮಜ್ಜಿಗೆ ಕುಡಿ ಎನ್ನುತ್ತಾರೆ, ಗೆಳತಿ ಪ್ರೊಬಯಾಟಿಕ್ (ಒಳ್ಳೆಯ ಸೂಕ್ಷ್ಮಜೀವಿಗಳಿರುವ ಮಾತ್ರೆ) ಸಾಕು ಎನ್ನುತ್ತಾಳೆ ಎಂದು ಬರೆದಿದ್ದೀರಿ. ನಾನು ವೈದ್ಯೆಯಲ್ಲ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಫಾರ್ಮಸಿಸ್ಟ್. ಈ ಪ್ರಶ್ನೆ ನನ್ನ ಕೌಂಟರಿಗೆ ಬರುವುದು ಉಳಿದ ಗಿರಾಕಿಗಳೆಲ್ಲ ಹೋದ ಮೇಲೆ, ತಗ್ಗಿದ ದನಿಯಲ್ಲಿ, ಬಹಳ ಸಲ 'ನಮ್ಮ ಅಕ್ಕನಿಗೆ' ಎಂಬ ನೆಪದಲ್ಲಿ.

ನೀವು ಹೇಳಿರುವ ಲಕ್ಷಣಗಳು ಫಂಗಸ್ ಜಾತಿಯ ಕ್ಯಾಂಡಿಡಾ ಎಂಬ ಈಸ್ಟ್‌ ಸೋಂಕಿಗೆ ಹೊಂದುತ್ತವೆ. ಇದು ಹೊರಗಿನಿಂದ ಅಂಟಿದ ಕೊಳೆಯಲ್ಲ. ಯಾವ ತೊಂದರೆಯೂ ಇಲ್ಲದ ಅನೇಕ ಹೆಂಗಸರ ಕರುಳಿನಲ್ಲಿ, ಯೋನಿಯಲ್ಲಿ ಅದು ಸುಮ್ಮನೆ ಇದ್ದೇ ಇರುತ್ತದೆ. ಅದರ ಜೊತೆಗೆ ಅಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳೂ ಇರುತ್ತವೆ. 1892ರಲ್ಲಿ ಜರ್ಮನಿಯ ಡೋಡರ್ಲೈನ್ ಎಂಬ ವೈದ್ಯರು ವಿವರಿಸಿದ ಇವು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುತ್ತ ಅಲ್ಲಿನ ಪಿಎಚ್ ಅನ್ನು (ಆಮ್ಲೀಯತೆಯ ಅಳತೆ) 3.8ರಿಂದ 4.5ರ ನಡುವೆ ಇಡುತ್ತವೆ. ಹಲ್ಲಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ನುಂಗಿದ ಮಾತ್ರೆ ಇವನ್ನೂ ಬಿಡುವುದಿಲ್ಲ, ಆದರೆ ಈಸ್ಟ್‌ಗೆ ಅದರಿಂದ ಏನೂ ಆಗುವುದಿಲ್ಲ. ಖಾಲಿಯಾದ ಜಾಗದಲ್ಲಿ ಅದು ಹಬ್ಬಿಕೊಳ್ಳುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಗರ್ಭಿಣಿಯರಲ್ಲಿ, ಸ್ಟಿರಾಯ್ಡ್ ಸೇವಿಸುವವರಲ್ಲಿ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇರುವವರಲ್ಲಿಯೂ ಈಸ್ಟ್ ಹಬ್ಬುವುದುಂಟು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಡಾಪಾಗ್ಲಿಫ್ಲೋಜಿನ್‌ನಂಥ ಮಧುಮೇಹದ ಮಾತ್ರೆಗಳಿಗೂ ಇದು ಗೊತ್ತಿರುವ ಅಡ್ಡಪರಿಣಾಮ. ಅತ್ತೆಯವರ ಮಜ್ಜಿಗೆಯಿಂದ ಕೇಡಿಲ್ಲ, ಕುಡಿಯಿರಿ; ಆದರೆ ಉಷ್ಣವೆಂದು ಸುಮ್ಮನಾಗಿ ರಕ್ತದ ಸಕ್ಕರೆ ಪರೀಕ್ಷಿಸದೆ ಬಿಟ್ಟರೆ ತಪ್ಪಾಗುತ್ತದೆ. ವರ್ಷಕ್ಕೆ ಮೂರು ಸಲ ಬಂದಿದೆಯೆಂದರೆ ಆ ಪರೀಕ್ಷೆ ಆಗಲೇಬೇಕು.

ಇಲ್ಲಿ ಅಂಗಡಿಯ ಒಂದು ಸಂಗತಿಯನ್ನು ಹೇಳಬೇಕು. ಬಿಳಿ ಸ್ರಾವ ಎಂದ ಕೂಡಲೇ ಕೆಲವೆಡೆ ನಾಲ್ಕು ಮಾತ್ರೆಗಳ ಒಂದು ಕಿಟ್ ಕೈಗೆ ಕೊಡುತ್ತಾರೆ. ಅದರಲ್ಲಿ ಒಂದು ಫ್ಲುಕೊನಜೋಲ್, ಅದು ಈಸ್ಟ್‌ಗೆ ಸರಿ. ಉಳಿದ ಮೂರರಲ್ಲಿ ಒಂದು ಅಜಿತ್ರೋಮೈಸಿನ್, ಎರಡು ಸೆಕ್ನಿಡಜೋಲ್. ಆಂಟಿಬಯಾಟಿಕ್‌ನಿಂದಲೇ ಶುರುವಾದ ತೊಂದರೆಗೆ ಮತ್ತೆ ಆಂಟಿಬಯಾಟಿಕ್! ವೈದ್ಯರು ಪರೀಕ್ಷಿಸಿ, ಬೇರೆ ಸೋಂಕೂ ಇದೆಯೆಂದು ಬರೆದುಕೊಟ್ಟರೆ ಅದು ಬೇರೆ ಮಾತು; ನೀವಾಗಿಯೇ ಕೇಳಿ ತೆಗೆದುಕೊಳ್ಳಬೇಡಿ. ಸ್ಟಿರಾಯ್ಡ್ ಬೆರೆತ ತುರಿಕೆಯ ಮುಲಾಮೂ ಹಾಗೆಯೇ: ಎರಡು ದಿನ ಹಾಯೆನಿಸಿ, ಆಮೇಲೆ ಫಂಗಸ್ ಇನ್ನಷ್ಟು ಹಬ್ಬಲು ಅನುಕೂಲ ಮಾಡಿಕೊಡುತ್ತದೆ.

ಇನ್ನು ಪ್ರೊಬಯಾಟಿಕ್. ಹೋದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಮರಳಿ ತುಂಬಿದರೆ ಈಸ್ಟ್ ಅಡಗುತ್ತದೆ ಎಂಬ ತರ್ಕ ಕೇಳಲು ಚೆನ್ನಾಗಿದೆ, ಆದರೆ ಅದರಲ್ಲಿ ಒಂದು ತೊಡಕಿದೆ: ಈಸ್ಟ್ ಸೋಂಕಿದ್ದಾಗಲೂ ಯೋನಿಯ ಪಿಎಚ್ ಸಾಮಾನ್ಯವಾಗಿ ಆಮ್ಲೀಯವಾಗಿಯೇ ಇರುತ್ತದೆ, ಲ್ಯಾಕ್ಟೋಬ್ಯಾಸಿಲಸ್ ಕೂಡ ಅನೇಕರಲ್ಲಿ ಇದ್ದೇ ಇರುತ್ತದೆ. 2004ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ನಿಮ್ಮ ಪ್ರಶ್ನೆಯನ್ನೇ ಪರೀಕ್ಷಿಸಿತ್ತು. ಆಂಟಿಬಯಾಟಿಕ್ ಸೇವಿಸುತ್ತಿದ್ದ ಹೆಂಗಸರಿಗೆ ಲ್ಯಾಕ್ಟೋಬ್ಯಾಸಿಲಸ್ ಅನ್ನು ಬಾಯಿಯ ಮೂಲಕವೂ ಯೋನಿಯ ಮೂಲಕವೂ ಕೊಟ್ಟು ನೋಡಿದರು; ಸೋಂಕನ್ನು ತಡೆಯುವಲ್ಲಿ ಪ್ರಯೋಜನ ಕಾಣಲಿಲ್ಲ. ಫಂಗಸ್ ಔಷಧಿಯ ಜೊತೆಗೆ ಕೊಟ್ಟಾಗ ಗುಣವಾಗುವ ಪ್ರಮಾಣ ತುಸು ಹೆಚ್ಚಬಹುದು ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2017ರ ಕಾಕ್ರೇನ್ ವಿಮರ್ಶೆ ಹೇಳಿತು, ಆದರೆ ಅದಕ್ಕೆ ಆಧಾರವಾದ ಪುರಾವೆ ದುರ್ಬಲವೆಂದೂ ಅದೇ ವಿಮರ್ಶೆ ಹೇಳಿದೆ. ಹಾಗಾಗಿ ಔಷಧಿಯ ಜೊತೆಗೆ ಬೇಕಿದ್ದರೆ ಸರಿ, ಔಷಧಿಯ ಬದಲಿಗೆ ಬೇಡ ಎಂಬುದು ನನ್ನ ಅಭಿಪ್ರಾಯ.

ಪ್ರೊಬಯಾಟಿಕ್ ಕೊಳ್ಳುವುದಾದರೆ ಮಾತ್ರೆಯ ಪಟ್ಟಿಯ ಹಿಂಭಾಗ ಓದಿ. ಆಂಟಿಬಯಾಟಿಕ್ ಜೊತೆಗೆ ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ಬ್ಯಾಸಿಲಸ್ ಕ್ಲಾಸಿಯೈ ಅಥವಾ ಸ್ಯಾಕರೋಮೈಸಿಸ್ ಬೌಲಾರ್ಡಿ ಇರುವುದು ಭೇದಿಗೆ. ಎರಡನೆಯದಂತೂ ಸ್ವತಃ ಒಂದು ಈಸ್ಟ್. ಯೋನಿಯ ಆರೋಗ್ಯಕ್ಕೆಂದು ಹೆಚ್ಚು ಅಧ್ಯಯನವಾಗಿರುವ ಲ್ಯಾಕ್ಟೋಬ್ಯಾಸಿಲಸ್ ತಳಿಗಳು ರ‍್ಯಾಮ್ನೋಸಸ್ ಜಿಆರ್-1 ಮತ್ತು ರ‍್ಯೂಟೆರಿ ಆರ್‌ಸಿ-14. ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ಊಟಕ್ಕೆ ಒಳ್ಳೆಯದು, ಆದರೆ ಅದರಲ್ಲಿರುವುದು ಹಾಲಿಗೆ ಒಗ್ಗಿದ ಜೀವಿಗಳು. ಯೋನಿಯಲ್ಲಿ ನೆಲೆಸುವ ಕ್ರಿಸ್ಪೇಟಸ್, ಗ್ಯಾಸೆರಿ ಎಂಬ ಲ್ಯಾಕ್ಟೋಬ್ಯಾಸಿಲಸ್‌ಗಳು ಬೇರೆಯೇ ಜಾತಿಯವು. ಮೊಸರನ್ನು ಒಳಗೆ ಹಚ್ಚಿಕೊಳ್ಳುವುದು ಬೇಡ. ಸೋಪು, ಡೆಟಾಲ್, ಸುವಾಸನೆಯ ವಾಶ್ ಕೂಡ ಬೇಡ, ನೀರು ಸಾಕು.

ಮೊದಲು ಸ್ತ್ರೀರೋಗ ತಜ್ಞರಿಗೆ ತೋರಿಸಿ, ಸ್ರಾವದ ಮಾದರಿ ಪರೀಕ್ಷೆಗೆ ಕೊಡಲು ಸಾಧ್ಯವೇ ಎಂದು ಕೇಳಿ. ಒಂದೇ ಸಲ ಬಂದದ್ದಾದರೆ 150 ಮಿಲಿಗ್ರಾಂ ಫ್ಲುಕೊನಜೋಲ್ ಒಂದು ಮಾತ್ರೆಯೋ ಒಳಗಿಡುವ 500 ಮಿಲಿಗ್ರಾಂ ಕ್ಲೋಟ್ರಿಮಜೋಲ್ ಒಂದೋ ಸಾಮಾನ್ಯವಾಗಿ ಸಾಕಾಗುತ್ತದೆ. ಮತ್ತೆ ಮತ್ತೆ ಬರುವವರಿಗೆ ಫ್ಲುಕೊನಜೋಲ್ ಅನ್ನು ವಾರಕ್ಕೊಮ್ಮೆಯಂತೆ ಆರು ತಿಂಗಳು ಬರೆಯುವುದುಂಟು. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಮೊದಲೇ ಹೇಳಿ, ಆಗ ನುಂಗುವ ಮಾತ್ರೆ ಕೊಡುವುದಿಲ್ಲ. ದುರ್ವಾಸನೆ, ಜ್ವರ, ಕೆಳಹೊಟ್ಟೆ ನೋವು ಇದ್ದರೆ ಅದು ಬೇರೆಯೇ ಸೋಂಕಾಗಿರಬಹುದು, ಕಾಯಬೇಡಿ. ಒಳಗಿಡುವ ಮಾತ್ರೆ ಕೊಟ್ಟರೆ ರಾತ್ರಿ ಮಲಗುವಾಗ ಇಟ್ಟುಕೊಳ್ಳಿ. ಬೆಳಗ್ಗೆ ಸುಣ್ಣದ ಪುಡಿಯಂಥದ್ದು ಹೊರಬಂದರೆ ಹೆದರಬೇಡಿ, ಅದು ಕರಗದೆ ಉಳಿದ ಮಾತ್ರೆ. ಆ ದಿನಗಳಲ್ಲಿ ಕಾಂಡೋಮ್ ನಂಬಬೇಡಿ, ಆ ಔಷಧಿ ಅದರ ರಬ್ಬರನ್ನು ಸಡಿಲಗೊಳಿಸಬಹುದು.